ಗೌರಿಯ ಬೆನ್ನ ಮೇಲೆ ಹುಳ ಬರೆದದ್ದು

ಗೌರಿ ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇತ್ತು. ಅಟ್ಟದ ಮೇಲಿನ ಟ್ರಂಕಿನಿಂದ ಗೌರಿಯನ್ನು ಇಳಿಸಿ, ಸುತ್ತಿದ್ದ ಹಳೆ ಧೋತರ ಬಿಚ್ಚಿದರೆ ತೊಡೆಯ ತುಂಬ ಹಿಟ್ಟು. ನುಣ್ಣಗೆ, ಕಡಲೆ ಹಿಟ್ಟಿನ ಬಣ್ಣದ್ದು. ನಮ್ಮದು ಕಿನ್ನಾಳದ ಕಟ್ಟಿಗೆ ಗೌರಿ, ಅಜ್ಜಿಯ ಕಾಲದ್ದು. ಮುಂದಿನಿಂದ ನೋಡಿದರೆ ಅವಳಿಗೆ ಏನೂ ಆಗಿಲ್ಲ. ಅದೇ ಹಳದಿ ಮುಖ, ಅದೇ ಅಗಲ ಕಣ್ಣು. ತಿರುವಿದರೆ ಬೆನ್ನಿನ ಬಣ್ಣ ಚಕ್ಕೆ ಎದ್ದುಹೋಗಿ, ಒಳಗಿನ ಕಟ್ಟಿಗೆಯಲ್ಲಿ ಹುಳ ಕೊರೆದ ಗೆರೆ ಬಯಲಾಗಿತ್ತು. ಬಳಸಿ, ಸುತ್ತಿ, ಕೊನೆಗೆ ಸಣ್ಣದೊಂದು ಕೊಂಡಿ. ಮಗಳು ಬಗ್ಗಿ ನೋಡಿ, "ಅಪ್ಪಾ, ಇಲ್ಲೆ ಯಾರೋ ‘ಳ’ ಬರದಾರ" ಅಂದಳು.

ನಿಜಕ್ಕೂ ‘ಳ’ದ ಹಾಗೇ ಇತ್ತು.

ಇದಕ್ಕೆ ನಮ್ಮ ಹಿಂದಿನವರು ಒಂದು ಹೆಸರು ಇಟ್ಟಿದ್ದಾರೆ: ಘುಣಾಕ್ಷರ ನ್ಯಾಯ. ಘುಣ ಎಂದರೆ ಕಟ್ಟಿಗೆ ಕೊರೆಯುವ ಹುಳ. ಅದು ಹೊಟ್ಟೆಪಾಡಿಗೆ ಕೊರೆಯುತ್ತ ಹೋಗುತ್ತದೆ. ಯಾವಾಗಲೋ ಒಮ್ಮೆ ಆ ಗೆರೆ ಅಕ್ಷರದಂತೆ ಕಾಣುತ್ತದೆ. ಓದು ಬರಹ ಬಾರದವನ ಬಾಯಲ್ಲಿ ಅಕಸ್ಮಾತ್ ಒಳ್ಳೆಯ ಮಾತು ಬಂದರೆ ಪಂಡಿತರು ಈ ನ್ಯಾಯ ಹೇಳಿ ಮೂಗು ಮುರಿಯುತ್ತಿದ್ದರು. ಬರೆದದ್ದು ನಿಜ, ಆದರೆ ಬರೆದವನಿಗೆ ಗೊತ್ತಿಲ್ಲ, ಹಾಗಾಗಿ ಅದು ಬರಹವಲ್ಲ ಎಂಬುದು ತರ್ಕ. ತರ್ಕ ಗಟ್ಟಿಯೇ ಇದೆ. ಆದರೆ ಕಳೆದ ನೂರು ವರ್ಷದಲ್ಲಿ ಜಗತ್ತಿನ ಪ್ರಯೋಗಶೀಲ ಕವಿಗಳು, ಮೈಯನ್ನೇ ಮಾಧ್ಯಮ ಮಾಡಿಕೊಂಡ ಕಲಾವಿದರು ತಲೆ ಕೆಡಿಸಿಕೊಂಡದ್ದು ಇದೇ ತರ್ಕದ ಮೇಲೆ. ಬರೆಯುವವನಿಗೆ ಗೊತ್ತಿರಲೇಬೇಕೆ? ಕವಿತೆಯನ್ನು ಕವಿಯೇ ಬರೆಯಬೇಕೆ?

ಘುಣಾಕ್ಷರವನ್ನು ಕಂಡವರು ನಾವಷ್ಟೇ ಅಲ್ಲ. ಯುರೋಪಿನ ಸ್ಪ್ರೂಸ್ ಮರದ ತೊಗಟೆ ಕೆಳಗೆ ಬದುಕುವ ಒಂದು ಪುಟ್ಟ ಕಪ್ಪು ದುಂಬಿಗೆ 1758ರಲ್ಲಿ ಲಿನೇಯಸ್ ಇಟ್ಟ ಹೆಸರು ‘ಟೈಪೋಗ್ರಾಫಸ್’, ಅಂದರೆ ಮುದ್ರಕ. ಜರ್ಮನ್ನರೂ ಅದನ್ನು ಪುಸ್ತಕ ಅಚ್ಚು ಹಾಕುವವ ಎಂದೇ ಕರೆಯುತ್ತಾರೆ. ತೊಗಟೆ ಕಿತ್ತು ನೋಡಿದರೆ ಯಾಕೆಂದು ತಿಳಿಯುತ್ತದೆ. ತಾಯಿ ದುಂಬಿ ತೊಗಟೆಗೂ ಕಟ್ಟಿಗೆಗೂ ನಡುವೆ ಉದ್ದಕ್ಕೆ ಒಂದು ಸುರಂಗ ಕೊರೆದು, ಅದರ ಎರಡೂ ಬದಿಗೆ ತತ್ತಿ ಇಡುತ್ತದೆ. ಒಡೆದು ಹೊರಬಂದ ಮರಿಗಳು ತಾಯಿಯ ದಾರಿಗೆ ಅಡ್ಡಲಾಗಿ ತಿನ್ನುತ್ತ ಸಾಗುತ್ತವೆ. ಮರಿ ದಪ್ಪವಾದಂತೆ ಗೆರೆಯೂ ದಪ್ಪವಾಗುತ್ತದೆ. ಬಾಚಣಿಗೆಯ ಹಲ್ಲಿನಂಥ, ಸಾಲುಸಾಲು ಬರೆದ ಪುಟದಂಥ ಚಿತ್ರ ಉಳಿಯುತ್ತದೆ. ಅಮೆರಿಕದ ವರ್ಮಾಂಟ್‌ನ ಕವಯಿತ್ರಿ ಜೋಡಿ ಗ್ಲಾಡಿಂಗ್ ಇಂಥ ಗೆರೆಗಳನ್ನು ಒಂದು ಭಾಷೆ ಎಂದೇ ಹಿಡಿದು, ಅದರಿಂದ ‘ಅನುವಾದ’ ಮಾಡಿದ ಕವಿತೆಗಳ ಸಂಕಲನವನ್ನು 2014ರಲ್ಲಿ ಹೊರತಂದರು. ತಮಾಷೆ ಅನ್ನಿಸಬಹುದು. ಆದರೆ ಅನುವಾದ ಮಾಡಿದವರಿಗೆಲ್ಲ ಆ ತಮಾಷೆಯ ಒಳಗಿನ ಕಷ್ಟ ಗೊತ್ತು: ಮೂಲದಲ್ಲಿ ಇರುವುದನ್ನು ತರುವುದಕ್ಕಿಂತ, ಇಲ್ಲದ್ದನ್ನು ಸೇರಿಸದೆ ಇರುವುದು ಕಠಿಣ.

ಚೀನಾದ ಕಲಾವಿದ ಶೂ ಬಿಂಗ್ 1990ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಖಾಲಿ ಹಾಳೆಯ ಪುಸ್ತಕ ತೆರೆದಿಟ್ಟು ಅದರ ಮೇಲೆ ರೇಷ್ಮೆ ಪತಂಗಗಳನ್ನು ಬಿಟ್ಟರು. ಅವು ತತ್ತಿ ಇಟ್ಟವು. ದೂರದಿಂದ ನೋಡಿದವರಿಗೆ ಚುಕ್ಕೆಚುಕ್ಕೆಯಾಗಿ ಅಚ್ಚಾದ ಪುಟ. ಕೆಲವು ದಿನಕ್ಕೆ ತತ್ತಿಯೊಡೆದು ಮರಿ ಹೊರಟವು. ಓದಬೇಕೆಂದುಕೊಂಡಿದ್ದ ಅಕ್ಷರ ಎದ್ದು ಹರಿದುಹೋಯಿತು.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ಗೌರಿಯನ್ನು ಕಂಕುಳಲ್ಲಿ ಹಿಡಿದು ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋದೆ. ಅಲ್ಲಿನ ಚಿತ್ರಗಾರ ಹಿರಿಯರೊಬ್ಬರು ಬೊಂಬೆಯನ್ನು ಎರಡು ಸಲ ತಿರುವಿ, ಬೆರಳಿನಿಂದ ತಟ್ಟಿ, ಟೊಳ್ಳು ದನಿ ಕೇಳಿ ನಕ್ಕರು. "ಹುಳಕ್ಕ ಹುಣಸಿ ಅಂಟಂದ್ರ ಹೋಳಿಗಿ ಇದ್ದಂಗ ತಮ್ಮಾ. ನಾವು ಮಾಡಿಡೋದು, ಅದು ಉಣ್ಣೋದು."

ಕಿನ್ನಾಳದ ಬೊಂಬೆಯೊಳಗೆ ಏನೇನಿದೆ ಎಂದು ಗೊತ್ತಿದ್ದರೆ ಆ ಮಾತಿನ ಸೊಗಸು ತಿಳಿಯುತ್ತದೆ. ಪೊಲ್ಕಿ ಎಂಬ ಹಗುರ ಮರದಲ್ಲಿ ಕೈ, ಕಾಲು, ಮೈ ಬೇರೆಬೇರೆ ಕೆತ್ತುತ್ತಾರೆ. ಹುಣಸೆ ಬೀಜ ನೆನೆಹಾಕಿ, ರುಬ್ಬಿ, ಕಾಸಿದ ಅಂಟಿನಿಂದ ಅವನ್ನು ಕೂಡಿಸುತ್ತಾರೆ. ಗೋಣಿ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಅದೇ ಅಂಟಿನಲ್ಲಿ ಕಲಸಿದರೆ ಕಿಟ್ಟ. ಸಂದುಗೊಂದು ತುಂಬುವುದು, ಮೈಗೆ ತಿದ್ದು ಕೊಡುವುದು ಅದರಿಂದ. ಮೇಲೆ ಅರಿವೆಯ ತುಂಡು ಅಂಟಿಸಿ, ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟು, ಆಭರಣದ ಉಬ್ಬು ಎಬ್ಬಿಸಿ, ಆಮೇಲೆ ಬಣ್ಣ. ಹಂಪಿ ವಿರೂಪಾಕ್ಷ ಗುಡಿಯ ಮಂಟಪದ ಚಿತ್ರಗಳನ್ನು ಬರೆದವರು ಇವರ ಹಿರಿಯರೇ ಎಂಬ ಮಾತಿದೆ. ಈ ಕಸುಬಿಗೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ಮರ, ಬೀಜದ ಪಿಷ್ಟ, ನಾರು: ಹುಳದ ಕಣ್ಣಿನಿಂದ ನೋಡಿದರೆ ಇದು ದೇವರಲ್ಲ, ಊಟದ ಡಬ್ಬಿ.

ಚನ್ನಪಟ್ಟಣದ ಆಟಿಕೆಯ ಕಥೆ ಇದಕ್ಕೆ ತಿರುಗಾಮುರುಗ. ಅಲ್ಲಿ ಹಾಲೆ ಮರದ ತುಂಡು ಚರಕಿಯಲ್ಲಿ ಗಿರ್‍ರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಕೂಡುತ್ತದೆ. ಅರಗು ಯಾರದು? ಗಿಡದ ಟೊಂಗೆಯ ಮೇಲೆ ಲಕ್ಷಗಟ್ಟಲೆ ಕೂತು ರಸ ಹೀರಿ, ತನ್ನ ಮೈಗೆ ತಾನೇ ರಾಳದ ಮನೆ ಕಟ್ಟಿಕೊಳ್ಳುವ ಅರಗಿನ ಹುಳದ್ದು. ಚನ್ನಪಟ್ಟಣದಲ್ಲಿ ಕೀಟ ಬಣ್ಣಗಾರ, ಕಿನ್ನಾಳದಲ್ಲಿ ಕೀಟ ಬಾಕಿ ವಸೂಲಿಗೆ ಬರುವವ. ಹಾಗೆ ನೋಡಿದರೆ ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳೂ ಅರಗಿನವೇ. 1930ರ ದಶಕದಲ್ಲಿ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ದನಿ ಊರೂರು ಸುತ್ತಿದ್ದು ಒಂದು ಹುಳದ ಎಂಜಲಿನ ಮೇಲೆ ಕೊರೆದ ಗೆರೆಯಾಗಿ. ಇದನ್ನು ಯಾರೂ ಪ್ರಯೋಗ ಕಲೆ ಅನ್ನಲಿಲ್ಲ. ಗಾಣಾ ಅಂದರು, ಕೇಳಿದರು.

ನನ್ನ ತಕರಾರು ಇರುವುದೂ ಇಲ್ಲೇ. ಕೀಟ ಮತ್ತು ಕಾವ್ಯ ಎಂದ ಕೂಡಲೆ ನಾವು ಉಪಮೆ ಹುಡುಕುತ್ತೇವೆ. ದುಂಬಿ ಅಂದರೆ ಪ್ರಿಯಕರ, ಪತಂಗ ಅಂದರೆ ಮೋಹ, ಇರುವೆ ಅಂದರೆ ಶಿಸ್ತು. ಶಾಲೆಯ ಪ್ರಬಂಧಕ್ಕೆ ಇಷ್ಟು ಸಾಕು. ಆದರೆ ಹುಳ ನಮಗೆ ಕೊಟ್ಟದ್ದು ಹೋಲಿಕೆಗಿಂತ ಹೆಚ್ಚಾಗಿ ಕೆಲಸ. ಅದು ವಸ್ತುವಲ್ಲ, ಪಕ್ಕದ ಪೀಠದಲ್ಲಿ ಕೂತ ಕಸುಬುದಾರ. ಆದಿಕವಿಯ ಹೆಸರನ್ನೇ ನೋಡಿ. ವಲ್ಮೀಕ ಎಂದರೆ ಹುತ್ತ. ಬೇಟೆಗಾರ ತಪಸ್ಸಿಗೆ ಕೂತ, ಒರಲಿ, ಅಂದರೆ ಗೆದ್ದಲು, ಅವನ ಸುತ್ತ ಮಣ್ಣು ಕಟ್ಟಿತು, ಒಳಗಿನಿಂದ ಕವಿ ಹೊರಬಂದ. ಕವಿಯನ್ನು ಕಟ್ಟಿದ್ದು ಯಾರು ಹಾಗಾದರೆ?

ಒರಲಿ ಕಟ್ಟುವ ರೀತಿಯೂ ಕಿನ್ನಾಳದವರದ್ದೇ: ಮಣ್ಣಿನ ಕಾಳು, ಜೊಲ್ಲಿನ ಅಂಟು, ಪದರಿನ ಮೇಲೆ ಪದರು. ನಕ್ಷೆ ಯಾರ ಬಳಿಯೂ ಇಲ್ಲ. ಒಂದು ಹುಳ ಒಂದು ಉಂಡೆ ಇಟ್ಟರೆ, ಆ ಉಂಡೆಯೇ ಮುಂದಿನ ಹುಳಕ್ಕೆ ‘ಇಲ್ಲೇ ಇಡು’ ಎನ್ನುತ್ತದೆ. ಫ್ರಾನ್ಸಿನ ಪ್ರಾಣಿವಿಜ್ಞಾನಿ ಗ್ರಾಸ್ಸೆ 1959ರಲ್ಲಿ ಗೆದ್ದಲು ನೋಡಿಯೇ ಇದಕ್ಕೆ ‘ಸ್ಟಿಗ್ಮರ್ಜಿ’ ಎಂದು ಹೆಸರಿಟ್ಟ. ಮಾಡಿದ ಕೆಲಸವೇ ಮಾಡುವವನನ್ನು ನಡೆಸುತ್ತದೆ ಎಂಬುದು ಅದರ ಸಾರ. ಹರದೇಶಿ–ನಾಗೇಶಿ ಲಾವಣಿಯ ಸವಾಲ್ ಜವಾಬಿನಲ್ಲಿ ರಾತ್ರಿಯಿಡೀ ಕೂತವರಿಗೆ ಇದನ್ನು ಬೇರೆ ಹೇಳಿಕೊಡಬೇಕಿಲ್ಲ. ಆ ಕಡೆಯವರು ಇಟ್ಟ ಸಾಲೇ ಈ ಕಡೆಯವರ ಸಾಲನ್ನು ಎಳೆಯುತ್ತದೆ; ಬೆಳಗಾಗುವಷ್ಟರಲ್ಲಿ ಯಾರೊಬ್ಬರೂ ಯೋಚಿಸದ ಹುತ್ತವೊಂದು ಎದ್ದಿರುತ್ತದೆ.

ಇನ್ನು ಕುಣಿತದ ವಿಷಯ. ನಮ್ಮ ಕಡೆ ಚಿಟ್ಟೆಗೆ ಪಾತರಗಿತ್ತಿ ಅನ್ನುತ್ತೇವೆ. ಪಾತ್ರ ಎಂದರೆ ಹಳೆಯ ಶಾಸನಗಳಲ್ಲಿ ಗುಡಿಯಲ್ಲಿ ಕುಣಿಯುವವಳು. ಪಾತರದವಳು ಎಂಬ ಮಾತು ನಮ್ಮ ಹಳಬರ ಬಾಯಲ್ಲಿ ಇನ್ನೂ ಇದೆ. ಉತ್ತರ ಕರ್ನಾಟಕದ ಕನ್ನಡದಲ್ಲಿ ಚಿಟ್ಟೆ ನರ್ತಕಿಯ ‘ಹಾಗೆ’ ಇಲ್ಲ, ಅದು ನರ್ತಕಿಯೇ. ಬೇಂದ್ರೆಯವರ ‘ಪಾತರಗಿತ್ತಿ ಪಕ್ಕ’ ಕವಿತೆ ಈ ಹೆಸರಿನೊಳಗೇ ಹೊಕ್ಕು ಕೂತಿದೆ. ಚಿಟ್ಟೆಯನ್ನು ಬಣ್ಣಿಸುತ್ತದೆ ಎನ್ನುವುದಕ್ಕಿಂತ, ಚಿಟ್ಟೆಯ ರೆಕ್ಕೆ ಬಡಿತದ ಅಳತೆಗೆ ಸಾಲನ್ನು ಕತ್ತರಿಸುತ್ತದೆ: ಗಿಡ್ಡ ಗಿಡ್ಡ ಸಾಲು, ಜೋಡಿ ಜೋಡಿ ಪ್ರಾಸ, ಎಲ್ಲೂ ಕೂರದ ಕುಣಿತ. ಮಕ್ಕಳ ಪದ್ಯ ಎಂದು ಪಠ್ಯದಲ್ಲಿ ಓದಿ ಬಿಟ್ಟವರು ಅದನ್ನು ಒಮ್ಮೆ ಗಟ್ಟಿಯಾಗಿ, ಕೈ ಬೀಸುತ್ತ ಓದಿ ನೋಡಬೇಕು. ಬೇಂದ್ರೆಯವರ ‘ನಾಕುತಂತಿ’ಗೆ ಸಂದದ್ದು 1973ರ ಜ್ಞಾನಪೀಠ. ಅದೇ 1973ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರು ಕಾರ್ಲ್ ಫಾನ್ ಫ್ರಿಶ್, ಜೇನುಹುಳದ ಕುಣಿತವನ್ನು ಓದಿದವರು. ಕತ್ತಲ ಗೂಡಿನೊಳಗೆ, ನೆಟ್ಟಗೆ ನಿಂತ ಹುಟ್ಟಿನ ಮೇಲೆ, ಮೇವು ಕಂಡು ಬಂದ ಜೇನು ಬಾಲ ಅಲ್ಲಾಡಿಸುತ್ತ ಕನ್ನಡದ ‘೪’ ತಿರುವಿ ಹಾಕಿದಂತೆ ಸುತ್ತುತ್ತದೆ. ಸೂರ್ಯನಿಂದ ಎಷ್ಟು ವಾರೆಗೆ ಹೋಗಬೇಕೋ, ಮೇಲ್ಮುಖ ಗೆರೆಯಿಂದ ಅಷ್ಟೇ ವಾರೆಗೆ ಅದರ ನಡೆ. ಎಷ್ಟು ಹೊತ್ತು ಬಾಲ ಅಲ್ಲಾಡಿತೋ ಅಷ್ಟು ದೂರ. ಕುಣಿತವೇ ವಾಕ್ಯ. ಭರತನಾಟ್ಯದವರು ಹಸ್ತಮುದ್ರೆಗೆ ವರ್ಷಗಟ್ಟಲೆ ತಾಲೀಮು ಮಾಡುತ್ತಾರೆ. ಜೇನು ಹುಟ್ಟಿ ಕೆಲವು ವಾರಕ್ಕೇ ರಂಗಕ್ಕೆ ಇಳಿಯುತ್ತದೆ.

ಇಂಗ್ಲಿಷ್ ಪ್ರಯೋಗ ಕಾವ್ಯದಲ್ಲಿ ಕೀಟ ಎಂದರೆ ಎಲ್ಲರೂ ಮೊದಲು ಎತ್ತುವ ಹೆಸರು ಇ. ಇ. ಕಮಿಂಗ್ಸ್. 1935ರ ಸಂಕಲನವೊಂದರಲ್ಲಿ ಆತ ಮಿಡತೆಯ ಮೇಲೆ ಬರೆದ ಕವಿತೆಯಲ್ಲಿ ಅಕ್ಷರಗಳೇ ಹಾರಿ ಚದುರಿ ಬಿದ್ದಿವೆ. ಓದುವ ಕಣ್ಣು ಅಲ್ಲಿಂದಿಲ್ಲಿಗೆ ಜಿಗಿಯಬೇಕು. ಕೊನೆಗೆ ಮಿಡತೆ ಕೂತಾಗ ಅಕ್ಷರವೂ ಸರಿಯಾಗಿ ಕೂರುತ್ತದೆ. ಇದನ್ನು ಕನ್ನಡದಲ್ಲಿ ಮಾಡಬಹುದೇ ಎಂದು ಒಂದು ಸಂಜೆ ಹಾಳೆ ಹಿಡಿದು ಕೂತಿದ್ದೆ. ಆಗಲಿಲ್ಲ. ರೋಮನ್ ಅಕ್ಷರ ಬಿಡಿ ಕಾಳು, ಹೇಗೆ ಚೆಲ್ಲಿದರೂ ಕಾಳೇ. ಕನ್ನಡದ ಅಕ್ಷರಕ್ಕೆ ತಲೆಕಟ್ಟು ಇದೆ, ಗುಡಿಸು ಕೊಂಬು ಇವೆ, ಕೆಳಗೆ ಒತ್ತಿನ ಕಾಲು ಇದೆ. ಅದೇ ಒಂದು ಹುಳ. ‘ಮಿಡತೆ’ಯ ಗುಡಿಸನ್ನು ಕಿತ್ತು ಬೇರೆ ಕಡೆ ಇಟ್ಟರೆ ಗುಡಿಸಿಗೆ ದನಿ ಇಲ್ಲ, ಉಳಿದ ‘ಮ’ಕ್ಕೆ ಮಿಡತೆಯ ನೆನಪಿಲ್ಲ. ಹಾಗಾಗಿ ನಮ್ಮ ಕಾವ್ಯದ ಪ್ರಯೋಗ ಅಚ್ಚಿನ ಪುಟಕ್ಕಿಂತ ಕಿವಿಯಲ್ಲಿ ಹೆಚ್ಚು ನಡೆದದ್ದು ಆಕಸ್ಮಿಕ ಅಲ್ಲ ಅನ್ನಿಸುತ್ತದೆ.

ಅಂಕಣಕಾರನಾಗಿ ನನಗೆ ಇವರೆಲ್ಲರಿಗಿಂತ ಹತ್ತಿರದವನು ಆರ್ಚಿ ಎಂಬ ಜಿರಳೆ. 1916ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರ ಅಂಕಣಕಾರ ಡಾನ್ ಮಾರ್ಕ್ವಿಸ್ ಅವನನ್ನು ಹುಟ್ಟಿಸಿದ. ಹಿಂದಿನ ಜನ್ಮದಲ್ಲಿ ಕವಿಯಾಗಿದ್ದ ಆರ್ಚಿ, ರಾತ್ರಿ ಕಚೇರಿ ಖಾಲಿಯಾದ ಮೇಲೆ ಟೈಪ್‌ರೈಟರ್ ಹತ್ತಿ, ಒಂದೊಂದು ಕೀಲಿಯ ಮೇಲೂ ತಲೆ ಕೆಳಗಾಗಿ ಹಾರಿ ಕವಿತೆ ಬಡಿಯುತ್ತಿದ್ದ. ಶಿಫ್ಟ್ ಒತ್ತಿ ಹಿಡಿಯಲು ಇನ್ನೊಬ್ಬ ಇಲ್ಲದ್ದರಿಂದ ಅವನ ಕವಿತೆಯಲ್ಲಿ ದೊಡ್ಡಕ್ಷರವೇ ಇಲ್ಲ. ಆರ್ಚಿ ನನ್ನ ಕಂಪ್ಯೂಟರಿನ ‘ನುಡಿ’ ಕೀಲಿಮಣೆಯ ಮೇಲೆ ಹಾರಿದ್ದರೆ? ಶಿಫ್ಟ್ ಇಲ್ಲ ಎಂದರೆ ಮಹಾಪ್ರಾಣ ಇಲ್ಲ. ಕನ್ನಡಕ್ಕೆ ಮಹಾಪ್ರಾಣವೇ ಬೇಡ ಎನ್ನುವ ಶಂಕರ ಭಟ್ಟರ ಹೊಸಬರಹದವರು ಚಪ್ಪಾಳೆ ತಟ್ಟುತ್ತಿದ್ದರು. ಆದರೆ ದೀರ್ಘವೂ ಇಲ್ಲ, ಣಕಾರವೂ ಇಲ್ಲ, ಳಕಾರವೂ ಇಲ್ಲ. ಪಾಪ, ತನ್ನ ಹೆಸರನ್ನು ‘ಜಿರಲೆ’ ಎಂದೇ ಬರೆದುಕೊಳ್ಳಬೇಕು. ನಮ್ಮ ಕಡೆ ಅನ್ನುವುದೂ ಜಿರಲಿ ಅಂತಲೇ, ಬಿಡಿ. ಅಂತೂ ನಮ್ಮ ಗೌರಿಯ ಬೆನ್ನಿನ ಹುಳ ಆರ್ಚಿಗಿಂತ ಮುಂದೆ ಇದೆ: ಅದು ‘ಳ’ ಬರೆದಿದೆ.

ವಚನಕಾರರಿಗೆ ಹುಳಗಳ ಸಹವಾಸ ಜಾಸ್ತಿ. ತನ್ನ ನೂಲು ತನ್ನನ್ನೇ ಸುತ್ತಿ ಸಾಯುವ ಹುಳವನ್ನು ಅಕ್ಕಮಹಾದೇವಿ ಮನದ ಬಯಕೆಗೆ ಹಿಡಿದ ಕನ್ನಡಿ ಮಾಡಿದಳು. ಅಲ್ಲಮನ ಲೋಕದಲ್ಲಿ ದುಂಬಿ ಬಂದರೆ ಪರಿಮಳವೇ ಓಡಿಹೋಗುತ್ತದೆ. ಬೆಡಗಿನ ಆ ತಲೆಕೆಳಗಾದ ಲೋಕಕ್ಕೆ ಇಪ್ಪತ್ತನೇ ಶತಮಾನದ ಯಾವ ಪ್ರಯೋಗಶೀಲನೂ ಹೊಸತು ಕಲಿಸಲಾರ. ಆದರೆ ಎಲ್ಲಕ್ಕಿಂತ ಹೆಚ್ಚು ಓಡಾಡಿದ್ದು ಕೀಟ–ಭ್ರಮರ ನ್ಯಾಯ. ಕಣಜ ಹಸಿರು ಹುಳವೊಂದನ್ನು ತಂದು ಮಣ್ಣಿನ ಗೂಡಲ್ಲಿ ಮುಚ್ಚುತ್ತದೆ. ಸುತ್ತ ಗುಂಯ್‌ಗುಡುತ್ತದೆ. ಕೆಲವು ವಾರಕ್ಕೆ ಗೂಡೊಡೆದು ಬರುವುದು ಹುಳವಲ್ಲ, ಕಣಜ. ಭ್ರಮರವನ್ನೇ ಧ್ಯಾನಿಸಿ ಕೀಟ ಭ್ರಮರವಾಯಿತು, ಹಾಗೆಯೇ ಗುರುವನ್ನು ಧ್ಯಾನಿಸಿದ ಶಿಷ್ಯ ಗುರುವಾಗುತ್ತಾನೆ ಎಂದರು. ಒಳಗೆ ನಡೆದದ್ದು ಬೇರೆ. ಕಣಜ ಆ ಹುಳಕ್ಕೆ ಚುಚ್ಚಿ ಮೈ ಮರಗಟ್ಟಿಸುತ್ತದೆ, ಸಾಯಿಸುವುದಿಲ್ಲ, ಸತ್ತರೆ ಕೊಳೆಯುತ್ತದೆ. ಗೂಡಿನ ಚಾವಣಿಯಿಂದ ಸಣ್ಣ ಎಳೆಗೆ ತತ್ತಿ ತೂಗುಹಾಕುತ್ತದೆ. ಫ್ರಾನ್ಸಿನ ಕೀಟತಜ್ಞ ಜ್ಯಾಂ ಹೆನ್ರಿ ಫಾಬ್ರ್ ಗೂಡಿನ ಗೋಡೆ ಕೊರೆದು ಇದನ್ನು ಕಣ್ಣಾರೆ ಕಂಡು ಬರೆದ. ಮರಿ ಹೊರಬಂದು ಜೀವಂತ ಹುಳವನ್ನು ತಿಂದು ಬೆಳೆಯುತ್ತದೆ. ಉಪಮೆ ಕೆಟ್ಟಿತೇ? ನನಗೆ ಹಾಗನ್ನಿಸಿಲ್ಲ. ಕೆಲವು ಗುರುಗಳನ್ನೂ ಅವರ ಶಿಷ್ಯರನ್ನೂ ಹತ್ತಿರದಿಂದ ನೋಡಿದ ಮೇಲೆ ಫಾಬ್ರ್ ಹೇಳಿದ್ದೇ ಹೆಚ್ಚು ಹೊಂದುತ್ತದೆ.

ಕೀಟ ಮನುಷ್ಯನ ಮೈಯನ್ನೇ ತಿದ್ದಿದ ನಿದರ್ಶನಕ್ಕೆ ನಾನು ದೂರ ಹೋಗುವುದಿಲ್ಲ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳಿದ ನಾಲ್ಕು ಊರುಗಳಲ್ಲಿ ಒಂದು ಕೊಪಣ, ಇಂದಿನ ಕೊಪ್ಪಳ. ಅದು ಜೈನರ ಮಹಾತೀರ್ಥ. ಜೈನರು ಜೀವವನ್ನು ಇಂದ್ರಿಯದ ಲೆಕ್ಕದಲ್ಲಿ ವಿಂಗಡಿಸಿದರು: ಮಣ್ಣುಹುಳಕ್ಕೆ ಎರಡು, ಇರುವೆಗೆ ಮೂರು, ನೊಣ ದುಂಬಿಗಳಿಗೆ ನಾಲ್ಕು. ಆ ಲೆಕ್ಕ ಪುಸ್ತಕದಲ್ಲೇ ಉಳಿಯಲಿಲ್ಲ. ಮುನಿ ನಡೆಯುವಾಗ ಒಂದು ನೊಗದಷ್ಟು ಮುಂದಿನ ನೆಲ ನೋಡುತ್ತಲೇ ನಡೆಯಬೇಕು. ಕೂರುವ ಮೊದಲು ನವಿಲುಗರಿಯ ಪಿಂಛಿಯಿಂದ ನೆಲವನ್ನು ನವಿರಾಗಿ ಸವರಬೇಕು. ಮಳೆಗಾಲದಲ್ಲಿ ನೆಲದ ತುಂಬ ಹುಳ, ಹಾಗಾಗಿ ನಾಲ್ಕು ತಿಂಗಳು ಊರು ಬಿಡುವಂತಿಲ್ಲ. ಅಂದರೆ ಒಬ್ಬ ಮನುಷ್ಯನ ಹೆಜ್ಜೆ, ನೋಟ, ಕೂರುವ ಬಗೆ, ವರ್ಷದ ತಿರುಗಾಟ ಎಲ್ಲವನ್ನೂ ನಿರ್ದೇಶಿಸಿದ್ದು ಇರುವೆ. ಕೊಪ್ಪಳದ ಬಂಡೆಗಳ ನಡುವೆ ಹಾಗೆ ನಡೆದವರನ್ನು ನೆನೆದರೆ, ಜಪಾನಿನ ಹಿಜಿಕಾಟ ತತ್ಸುಮಿಯ ಬುಟೊ ನೃತ್ಯ ಅಪರಿಚಿತ ಅನ್ನಿಸುವುದಿಲ್ಲ. ಅದರ ತಾಲೀಮಿನಲ್ಲಿ ಕೈ ಮೇಲೆ ಒಂದು ಹುಳ ಹರಿಯುತ್ತಿದೆ ಎಂದುಕೊಳ್ಳಬೇಕು, ಆಮೇಲೆ ಇನ್ನೊಂದು, ಮತ್ತೊಂದು, ಕಡೆಗೆ ಮೈಯೆಲ್ಲ. ಕುಣಿಯುವವನು ಹುಳವನ್ನು ನಟಿಸುವುದಿಲ್ಲ. ಹುಳ ಅವನನ್ನು ನಡೆಸುತ್ತದೆ.

ಇದಕ್ಕೆ ಎದುರು ತುದಿಯಲ್ಲಿ ಇನ್ನೊಬ್ಬ ಫಾಬ್ರ್, ಬೆಲ್ಜಿಯಂನ ಕಲಾವಿದ ಯಾನ್ ಫಾಬ್ರ್ ಇದ್ದಾನೆ. 2002ರಲ್ಲಿ ಬ್ರಸೆಲ್ಸ್ ಅರಮನೆಯ ಸಭಾಂಗಣದ ಚಾವಣಿಗೆ ಹತ್ತು ಲಕ್ಷಕ್ಕೂ ಹೆಚ್ಚು ಮಿರುಗು ದುಂಬಿಗಳ ರೆಕ್ಕೆಚಿಪ್ಪು ಅಂಟಿಸಿದ. ಹಸಿರು ನೀಲಿ ಹೊಳಪು ಕಣ್ಣು ಕುಕ್ಕುತ್ತದಂತೆ. ಅದು ಬಣ್ಣವೂ ಅಲ್ಲ, ಚಿಪ್ಪಿನ ಸೂಕ್ಷ್ಮ ಪದರುಗಳಲ್ಲಿ ಬೆಳಕು ಒಡೆದು ಹುಟ್ಟುವ ಮಿಂಚು. ಹಾಗಾಗಿ ಮಾಸುವುದೂ ಇಲ್ಲ. ಚಂದ ಇರಬಹುದು. ನನಗೆ ಅದು ಅರಮನೆಯ ಕೆಲಸ ಅನ್ನಿಸುತ್ತದೆ. ಶೂ ಬಿಂಗನ ಹುಳ ಪುಟ ಬಿಟ್ಟು ಹೋಗಬಲ್ಲದು, ಇವನ ದುಂಬಿ ಚಾವಣಿ ಬಿಟ್ಟು ಹೋಗಲಾರದು.

ಕಿನ್ನಾಳದ ಹಿರಿಯರಿಗೆ ಇದೆಲ್ಲ ಹೇಳುವ ಉಮೇದಿನಲ್ಲಿದ್ದೆ. ಅವರು ಆಗಲೇ ಟೊಳ್ಳಾದ ಕಡೆಗೆಲ್ಲ ಕಿಟ್ಟ ಮೆತ್ತುತ್ತಿದ್ದರು. "ಆ ‘ಳ’ ಒಂದು ಹಂಗೇ ಇರಲಿ ಅಜ್ಜಾರ, ಮುಚ್ಚಬ್ಯಾಡ್ರಿ" ಅಂದೆ. ಅವರು ಕನ್ನಡಕ ಎತ್ತಿ ನನ್ನನ್ನು ನೋಡಿದರು. "ಗೌರವ್ವನ ಬೆನ್ನಾಗ ತೂತು ಬಿಟ್ಟು ಸಕ್ಕರಿ ಆರತಿ ಬೆಳಗ್ತೀಯೇನ? ಆರತಿ ಸಕ್ಕರಿಗೆ ಇರಿವಿ ಬರೋದು ಸಾಲದಾಗಿತ್ತೇನ?" ಎಂದು ಹೆಬ್ಬೆರಳಿನಿಂದ ‘ಳ’ವನ್ನು ಒತ್ತಿ ತುಂಬಿಬಿಟ್ಟರು. ಬಣ್ಣ ಹಚ್ಚಿ ಕೊಡುವಾಗ, ಹಬ್ಬ ಮುಗಿದ ಮೇಲೆ ಎರಡು ದಿನ ಬಿಸಿಲಿಗಿಟ್ಟು, ಆಮೇಲೆ ಬೇವಿನ ಎಲೆ ಹಾಕಿ ಕಟ್ಟಿಡು ಎಂದೂ ಹೇಳಿದ್ದರು.

ಬಿಸಿಲಿಗಿಡುವುದನ್ನು ಮರೆತೆ. ನಿನ್ನೆ ಟ್ರಂಕು ತೆಗೆದರೆ, ಗೌರಿಯ ಕೆಳಗೆ ಹಾಸಿದ್ದ ಹಳೆ ಪೇಪರಿನ ಮೇಲೆ ಮತ್ತೆ ಒಂದು ಚಿಟಿಕೆ ಹಿಟ್ಟು. ನೋಡಿದರೆ ಅದು ನನ್ನದೇ ಅಂಕಣ ಬಂದ ಪುಟ.